ಗಗನಚುಕ್ಕಿ ಆಯಿಲ್ ಪೇಂಟಿಂಗ್: ಆರನೇ ವಾರ

ಇವತ್ತು ಬೆಳಿಗ್ಗೆ ಬಾಗಿಲ ಹತ್ತಿರ ನಿಂತು ನೋಡಿದಾಗ ಮೊದಲ ಸಲ ಚಿತ್ರದಲ್ಲಿ ನೀರು ಬೀಳ್ತಿದೆ ಅನ್ನಿಸಿತು. ಅದಕ್ಕೇ ಬರೆಯಲು ಕೂತೆ.

ಆಗಸ್ಟ್‌ನಲ್ಲಿ ಕಾವೇರಿ ತುಂಬಿದ್ದಾಗ ಗಗನಚುಕ್ಕಿ ಜಲಪಾತ ನೋಡಲು ಶಿವನಸಮುದ್ರಕ್ಕೆ ಹೋಗಿದ್ದೆ. ಎದುರು ದಡದಲ್ಲಿ ಎರಡು ಗಂಟೆ ಕೂತು ಪೆನ್ಸಿಲ್ ಸ್ಕೆಚ್ ಮಾಡಿದೆ. ಫೋನಿನಲ್ಲಿ ಫೋಟೋನೂ ತೆಗೆದೆ, ಆದರೆ ಅದರಲ್ಲಿ ನೀರೆಲ್ಲ ಬರೀ ಬಿಳಿ, ಬಂಡೆಯೆಲ್ಲ ಬರೀ ಕಪ್ಪು. ಸ್ಕೆಚ್ ಪಕ್ಕ 'ಬಿಳಿ ಅಲ್ಲ, ಹಾಲು ಜಾಸ್ತಿ ಹಾಕಿದ ಟೀ' ಅಂತ ಬರೆದುಕೊಂಡಿದ್ದೆ, ಈಗ ಉಪಯೋಗಕ್ಕೆ ಬರ್ತಿರೋದು ಅದೇ. ಯುರೋಪಿನ ರೊಮ್ಯಾಂಟಿಕ್ ಪಂಥದ ಚಿತ್ರಗಳ ನೀಲಿ-ಹಸಿರು ನೀರನ್ನು ಹಾಗೇ ತಂದು ಇಲ್ಲಿ ಸುರಿದರೆ ಅದು ಕಾವೇರಿ ಆಗಲ್ಲ. ಬಿಳಿಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಒಂದು ಚೂರು ಬರ್ಂಟ್ ಸಿಯೆನ್ನಾ (ಕೆಂಪು ಕಂದು) ಬೇಕೇ ಬೇಕು.

ಮೊದಲ ಪದರ ಬರ್ಂಟ್ ಅಂಬರ್ ಅನ್ನೋ ಕಡು ಕಂದು, ಟರ್ಪೆಂಟೈನ್‌ನಲ್ಲಿ ತೆಳುವಾಗಿ. ಎರಡೇ ದಿನದಲ್ಲಿ ಒಣಗಿತು. ಮೂರನೇ ವಾರ ಎಡವಿದೆ. ಬಂಡೆಗೆ ಟೈಟಾನಿಯಂ ವೈಟ್ ಬೆರೆಸಿದ ಬೂದು ಬಣ್ಣ ಹಚ್ಚಿ, ನಾಲ್ಕು ದಿನ ಬಿಟ್ಟು ಅದರ ಮೇಲೆ ಅಲ್ಟ್ರಾಮರೀನ್ ನೀಲಿಯ ಗ್ಲೇಜ್ (ತೆಳು ಪಾರದರ್ಶಕ ಪದರ) ಎಳೆದರೆ ಬ್ರಶ್ ಜೊತೆ ಕೆಳಗಿನ ಬಣ್ಣವೂ ಎದ್ದು ಬಂತು. ಆಯಿಲ್ ಬಣ್ಣ ಬಟ್ಟೆ ಒಣಗಿದ ಹಾಗೆ ಒಣಗಲ್ಲ, ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗಬೇಕು. ಅಂಬರ್‌ನಲ್ಲಿ ಮ್ಯಾಂಗನೀಸ್ ಇರೋದರಿಂದ ಬೇಗ ಆಗುತ್ತೆ, ಟೈಟಾನಿಯಂ ವೈಟ್ ನಿಧಾನ. ಅದರ ಮೇಲೆ ಬೆಂಗಳೂರಲ್ಲಿ ಆ ವಾರವೆಲ್ಲ ಜಿಟಿಜಿಟಿ ಮಳೆ, ಥಂಡಿ. ಈಗ ಹತ್ತು ದಿನ ಬಿಟ್ಟು, ಬೆರಳಲ್ಲಿ ಮುಟ್ಟಿ ನೋಡಿದ ಮೇಲೇ ಮುಂದಿನ ಪದರ.

ನೀರಿನ ಬಗ್ಗೆ ಒಂದು ಮಾತು. ಅಚ್ಚ ಬಿಳಿ ಇರೋದು ಎಡಗಡೆ ಮೇಲೆ, ಎರಡು ಬೆರಳಗಲ ಮಾತ್ರ. ಉಳಿದಿದ್ದೆಲ್ಲ ಬೂದು, ಅದರ ಮೇಲೆ ಒಣ ಬ್ರಶ್‌ನಲ್ಲಿ ಮೇಲಿಂದ ಕೆಳಕ್ಕೆ ಸುಮ್ನೆ ಸವರಿದ್ದು. ಸುತ್ತ ಬಂಡೆ ಕಪ್ಪಾದಷ್ಟೂ ಆ ಬೂದೇ ಬೆಳ್ಳಗೆ ಕಾಣುತ್ತೆ. ಬುಡದಲ್ಲಿ ಬಂಡೆಯ ಅಂಚನ್ನು ಬಟ್ಟೆಯಿಂದ ಒರೆಸಿದೆ. ಎಲ್ಲಿ ಮುಗೀತು ಅಂತ ಗೊತ್ತಾಗದಿದ್ದಾಗಲೇ ಎತ್ತರ ಬರೋದು. ಬಿಸಿಲು ನಾನು ಸೇರಿಸಿದ್ದು. ಆ ದಿನ ಪೂರ್ತಿ ಮೋಡ ಇತ್ತು.

ಅಮೆರಿಕದ ಚಿತ್ರಕಾರ ಫ್ರೆಡರಿಕ್ ಎಡ್ವಿನ್ ಚರ್ಚ್ 1857ರಲ್ಲಿ ಬರೆದ 'ನಯಾಗರಾ' ಜಲಪಾತದ ಚಿತ್ರದಲ್ಲಿ ನಮ್ಮ ಕಾಲಡಿ ನೆಲವೇ ಇಲ್ಲ, ನೇರ ನೀರಿನ ಅಂಚಿಗೇ ತಂದು ನಿಲ್ಲಿಸ್ತಾರೆ. ಎಷ್ಟು ಸಲ ನೋಡಿದರೂ ಎದೆ ಝಲ್ಲೆನ್ನುತ್ತೆ. ಆದರೆ ನನಗೆ ನಿಂತು ನೋಡುವವರು ಬೇಕಿತ್ತು, ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಚಿತ್ರಗಳ ಹಾಗೆ ನಮಗೆ ಬೆನ್ನು ಮಾಡಿ. ಒಬ್ಬ ಅಪ್ಪ, ಹೆಗಲ ಮೇಲೆ ಮಗು. ಮೊದಲು ಹೆಬ್ಬೆರಳಷ್ಟು ಬರೆದೆ, ಅಷ್ಟು ದೊಡ್ಡ ಜಲಪಾತ ಕಾಲುವೆ ತೂಬಿನಷ್ಟಾಗಿಬಿಟ್ಟಿತು. ಚಾಕುವಿನಿಂದ ಕೆರೆದು ತೆಗೆದು ಅಕ್ಕಿಕಾಳಿನಷ್ಟು ಮಾಡಿದೆ. ಅಮ್ಮ ಕಾಫಿ ಕೊಡಲು ಬಂದವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಅಷ್ಟು ಹತ್ರ ಯಾಕೋ ನಿಲ್ಲಿಸಿದ್ದೀಯ? ಮಗು ಇದೆ ಕಣೋ" ಅಂದರು.

ಆಕಾಶ ಇನ್ನೂ ಬಾಕಿ. ಅದಕ್ಕೆ ಕೈ ಹಾಕುವ ಮುಂಚೆ ಭಾನುವಾರ ಚಿತ್ರಕಲಾ ಪರಿಷತ್ತಿಗೆ ಹೋಗಿ ರಷ್ಯಾದ ಚಿತ್ರಕಾರ ರೋರಿಕ್ ಅವರ ಚಿತ್ರಗಳಿರೋ ಗ್ಯಾಲರಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು.