ತಲೆನೋವು ಅಂದರೆ ಎತ್ತರದ್ದೇ ಅಂತ ಅಂದುಕೊಳ್ಳಬೇಡಿ

ಸ್ಕೀ ಊರಿನಲ್ಲಿ ರಜೆ ಮನೆಗಳನ್ನು ನೋಡಿಕೊಳ್ಳುವವರಿಗೆ ಸೀಸನ್ ಪೂರ್ತಿ ಬರುವ ಮೆಸೇಜ್ ಒಂದಿದೆ. "ತಲೆ ನೋಯ್ತಿದೆ, ಹೊಟ್ಟೆ ತೊಳೆಸ್ತಿದೆ, ಏನು ಮಾಡೋದು?" ಇದಕ್ಕೆ ನಮ್ಮಲ್ಲಿ ಒಂದು ಸೇವ್ಡ್ ರಿಪ್ಲೈ, ಅಂದರೆ ಮೊದಲೇ ಬರೆದಿಟ್ಟ ಉತ್ತರ, ಇತ್ತು. ಎತ್ತರದ ಜಾಗ, ಮೊದಮೊದಲು ಹೀಗಾಗುತ್ತೆ, ನೀರು ಜಾಸ್ತಿ ಕುಡಿಯಿರಿ, ಇವತ್ತು ಡ್ರಿಂಕ್ಸ್ ಬೇಡ, ಚೆನ್ನಾಗಿ ಮಲಗಿ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾದ ಉತ್ತರವೇ. 2,500 ಮೀಟರ್ ದಾಟಿದರೆ ಸುಮಾರು ಜನರಿಗೆ ತಲೆನೋವು ಬರುತ್ತದೆ. ಅಮೆರಿಕದ ಕೊಲರಾಡೊದ ಬ್ರೆಕೆನ್‌ರಿಡ್ಜ್‌ನಂಥ ಊರು ಇರುವುದೇ 2,900 ಮೀಟರ್ ಎತ್ತರದಲ್ಲಿ. ಗೆಸ್ಟ್‌ಗಳು ಸಮುದ್ರ ಮಟ್ಟದ ಊರಿಂದ ವಿಮಾನ ಹತ್ತಿ, ಸಂಜೆಗೆ ಹಾಟ್ ಟಬ್‌ನಲ್ಲಿ ಕೂತಿರುತ್ತಾರೆ. ತಲೆ ನೋಯದೆ ಇರುತ್ತದೆಯೇ?

ಹೊಸ ವರ್ಷದ ವಾರ, ಶನಿವಾರ. ಈ ಕೆಲಸ ಮಾಡುವವರಿಗೆ ಶನಿವಾರ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬೆಳಿಗ್ಗೆ ಹತ್ತಕ್ಕೆ ಚೆಕ್‌ಔಟ್, ನಾಲ್ಕಕ್ಕೆ ಚೆಕ್‌ಇನ್, ನಡುವೆ ಎಲ್ಲಾ ಮನೆಗಳ ಟರ್ನ್‌ಓವರ್, ಅಂದರೆ ಮುಂದಿನವರಿಗೆ ಮನೆ ಸಜ್ಜು ಮಾಡುವುದು. ಲಾಂಡ್ರಿ ವ್ಯಾನ್ ಹಿಮದಲ್ಲಿ ಸಿಕ್ಕಿಕೊಂಡಿತ್ತು. ಒಂದು ಮನೆಯ ಹಾಟ್ ಟಬ್ ಕಾದಿರಲಿಲ್ಲ. ಇನ್ನೊಂದರಲ್ಲಿ ಹಿಂದಿನವರು ಬೂಟ್ ಡ್ರೈಯರ್ ಸುಟ್ಟು ಹಾಕಿದ್ದರು. ಇದರ ಮಧ್ಯೆ, ವಾರದ ನಡುವೆಯೇ ಬಂದಿದ್ದ ಒಂದು ಕುಟುಂಬದಿಂದ ಸಂಜೆ ಮೆಸೇಜ್: "ನಮ್ಮಲ್ಲಿ ಎಲ್ಲರಿಗೂ ತಲೆನೋವು. ಮಗು ವಾಂತಿ ಮಾಡಿಕೊಂಡಿತು." ನಾನು ಸೇವ್ಡ್ ರಿಪ್ಲೈ ಒತ್ತಿದೆ. ಟಿಕೆಟ್ ಕ್ಲೋಸ್ ಆಯಿತು. ಉತ್ತರ ಎಷ್ಟು ಬೇಗ ಹೋಯಿತು ಅಂತ ಅಳೆಯುವ ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಬಣ್ಣ ಬಂತು.

ಆ ಎರಡು ಸಾಲನ್ನು ಈಗ ಓದಿದರೆ ಎಲ್ಲವೂ ಅದರಲ್ಲೇ ಇದೆ. "ಎಲ್ಲರಿಗೂ" ಅಂತ ಬರೆದಿದ್ದರು. ಎತ್ತರದ ತಲೆನೋವು ಮನೆಮಂದಿಗೆಲ್ಲ ಒಟ್ಟಿಗೆ ಬರುವುದು ಅಪರೂಪ, ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರದೇ ಇರಬಹುದು. ಅದೂ ಅಲ್ಲದೆ ಅವರು ಬಂದು ಮೂರನೇ ರಾತ್ರಿ. ಎತ್ತರಕ್ಕೆ ಹೋದ ಸುಮಾರು 6ರಿಂದ 12 ಗಂಟೆಯೊಳಗೆ ಶುರುವಾಗುವ ಕಾಯಿಲೆ ಅದು. ಅಲ್ಲೇ ಇದ್ದರೆ ಒಂದೆರಡು ದಿನದಲ್ಲಿ ಇಳಿಯಬೇಕು. ಇವರಿಗೆ ಮೂರನೇ ದಿನ ಹೊಸದಾಗಿ ಶುರುವಾಗಿತ್ತು. ಚೆಕ್‌ಇನ್ ತಾರೀಖು ಅದೇ ಸ್ಕ್ರೀನಿನ ಬಲಗಡೆ ಇತ್ತು. ನಾನು ಅತ್ತ ನೋಡಲಿಲ್ಲ.

ರಾತ್ರಿ ಹತ್ತರ ಹೊತ್ತಿಗೆ ಮತ್ತೊಂದು ಮೆಸೇಜ್. "ಹಾಲ್‌ನಲ್ಲಿರೋ ಅಲಾರಂ ಕೂಗ್ತಾನೇ ಇದೆ. ಬ್ಯಾಟರಿ ಎಲ್ಲಿಟ್ಟಿದ್ದೀರಿ?"

ಇದಕ್ಕೂ ಒಂದು ಸೇವ್ಡ್ ರಿಪ್ಲೈ ಇದೆ: ಅಡುಗೆಮನೆಯ ಮೇಲಿನ ಡ್ರಾಯರ್. ಬೆರಳು ಅದರ ಮೇಲೇ ಇತ್ತು. ಆದರೆ ತಲೆನೋವಿನ ಮೆಸೇಜ್ ಅದರ ನೇರ ಮೇಲೆ ಕಾಣಿಸುತ್ತಿತ್ತು. ಎರಡನ್ನೂ ಒಟ್ಟಿಗೆ ಓದಿದ ತಕ್ಷಣ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಟೈಪ್ ಮಾಡುವುದು ಬಿಟ್ಟು ಫೋನ್ ಮಾಡಿದೆ.

"ಸರ್, ಫೋನನ್ನು ಅಲಾರಂ ಹತ್ತಿರ ಹಿಡೀರಿ, ಮಾತಾಡಬೇಡಿ" ಅಂದೆ. ಪೀಪ್ ಪೀಪ್ ಪೀಪ್ ಪೀಪ್. ಸ್ವಲ್ಪ ಮೌನ. ಮತ್ತೆ ನಾಲ್ಕು.

ಬ್ಯಾಟರಿ ಮುಗಿದಿದ್ದರೆ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಂದೇ ಒಂದು ಕೀಚಲು ಸದ್ದು ಬರುತ್ತದೆ. ಮೂರು ಮೂರು ಸಲ ಕೂಗಿದರೆ ಹೊಗೆ. ನಾಲ್ಕು ಕೂಗಿ, ನಿಂತು, ಮತ್ತೆ ನಾಲ್ಕು ಅಂದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿ ಬೆಚ್ಚಗೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

"ಎಲ್ಲರನ್ನೂ ಈಗಲೇ ಹೊರಗೆ ಕರ್ಕೊಂಡು ಬನ್ನಿ. ಸಾಮಾನು ಬೇಡ. ಕೋಟ್ ಬಾಗಿಲ ಹತ್ತಿರ ಇದ್ದರೆ ಮಾತ್ರ ತಗೊಳ್ಳಿ."

"ಹೊರಗೆ ತುಂಬಾ ಚಳಿ, ಕಾರಲ್ಲಿ ಕೂತ್ಕೋತೀವಿ" ಅಂದರು.

ಕಾರು ಎಲ್ಲಿದೆ ಅಂತ ಕೇಳಿದೆ. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ. ಅಲ್ಲಿ ಎಂಜಿನ್ ಶುರು ಮಾಡಿದ್ದರೆ ಮನೆಯೊಳಗೆ ಇನ್ನಷ್ಟು ವಿಷ ತುಂಬುತ್ತಿತ್ತು. "ಗ್ಯಾರೇಜ್ ಬಾಗಿಲು ಮುಟ್ಟಬೇಡಿ, ಪಕ್ಕದ ಮನೆ ನಮ್ಮದೇ, ಖಾಲಿ ಇದೆ, ಕೋಡ್ ಕಳಿಸ್ತೀನಿ" ಅಂದೆ. ಇನ್ನೊಂದು ಫೋನಿನಲ್ಲಿ ಫೈರ್ ಡಿಪಾರ್ಟ್‌ಮೆಂಟಿಗೆ ವಿಳಾಸ ಹೇಳುತ್ತಲೇ ಲಾಕ್ ಆಪ್ ತೆರೆದೆ. ಕೋಡ್ ಹೋಯಿತು. ಆಮೇಲೆ ಕೇಳಿದೆ, "ಎಷ್ಟು ಜನ ಹೊರಗೆ ಬಂದ್ರಿ? ಎಣಿಸಿ ಹೇಳಿ."

ಬುಕಿಂಗ್‌ನಲ್ಲಿ ಆರು ಜನ. ಹೊರಗೆ ಐದು. ಅಜ್ಜ ಸಂಜೆಯೇ ತಲೆನೋವಿಗೆ ಮಾತ್ರೆ ನುಂಗಿ ಕೆಳಗಿನ ಬೆಡ್‌ರೂಮಿನಲ್ಲಿ ಮಲಗಿದ್ದರು. ಮನೆ ಬೆಚ್ಚಗಿಡುವ ಬಾಯ್ಲರ್ ಇರುವ ರೂಮಿನ ಪಕ್ಕದ ಕೋಣೆ ಅದು. ಮಗ ಒಳಗೆ ಓಡಿದ. ಫೋನ್ ಹಿಮದ ಮೇಲೆ ಬಿದ್ದಿರಬೇಕು, ಮಗು ಅಳುವುದು ಮಾತ್ರ ಕೇಳಿಸುತ್ತಿತ್ತು. ಎಷ್ಟು ಹೊತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಒಂದು ಕೆಮ್ಮು. "ಬಂದ್ರು, ಬಂದ್ರು" ಅನ್ನುವ ದನಿ.

ಅಷ್ಟರಲ್ಲಿ ಪಕ್ಕದ ಮನೆಯ ಕೀಪ್ಯಾಡ್ ಸತ್ತಿತ್ತು. ಚಳಿಯಲ್ಲಿ ಆಲ್ಕಲೈನ್ ಬ್ಯಾಟರಿ ಸೋತು ಹೋಗುತ್ತದೆ, ಹೊರಗಿನ ಲಾಕ್‌ಗೆ ಲಿಥಿಯಂ ಹಾಕಿ ಅಂತ ಬೇಸಿಗೆಯಿಂದಲೂ ಹೇಳುತ್ತಿದ್ದೆ. ಖರ್ಚು ಜಾಸ್ತಿ ಅಂತ ಮೇಲಿನವರು ಮುಂದೂಡಿದ್ದರು. ಲಾಕ್‌ಬಾಕ್ಸ್ ಕೀ ಇದ್ದಿದ್ದರಿಂದ ಬಾಗಿಲು ತೆಗೆಯಿತು. ಫೈರ್‌ನವರು ಬಂದು ಮೀಟರ್ ಹಿಡಿದಾಗ ಬಾಯ್ಲರ್ ರೂಮಿನ ಬಾಗಿಲಲ್ಲಿ ಅಳತೆ ಮೂರಂಕಿ ಮುಟ್ಟಿತ್ತು. ಎಲ್ಲರಿಗೂ ಆಕ್ಸಿಜನ್ ಕೊಟ್ಟರು. ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮರುದಿನ ಅವರು ಹುಷಾರಾಗಿ ವಾಪಸ್ ಬಂದರು.

ಕಾರಣ ಹುಡುಕಲು ಕಷ್ಟಪಡಬೇಕಾಗಿರಲಿಲ್ಲ. ಬಾಯ್ಲರ್ ಹೊಗೆ ಹೋಗುವ ಬಿಳಿ ಪೈಪ್ ಮನೆಯ ಪಕ್ಕದ ಗೋಡೆಯಿಂದ ಮೊಣಕಾಲೆತ್ತರದಲ್ಲಿ ಹೊರಬರುತ್ತದೆ. ಮೇಲೆ ತಗಡಿನ ಛಾವಣಿ. ಮಧ್ಯಾಹ್ನದ ಬಿಸಿಲಿಗೆ ಛಾವಣಿಯ ಹಿಮ ಒಟ್ಟಿಗೆ ಜಾರಿ ಕೆಳಗೆ ಬಿದ್ದು, ಪೈಪ್ ಎದೆಯೆತ್ತರದ ಹಿಮದೊಳಗೆ ಹೂತು ಹೋಗಿತ್ತು. ಇಂಥ ಬಾಯ್ಲರ್‌ಗಳಲ್ಲಿ ಪೈಪ್ ಕಟ್ಟಿಕೊಂಡರೆ ಒತ್ತಡ ನೋಡಿ ತಾನಾಗಿ ಆರಿಸುವ ಸ್ವಿಚ್ ಇರುತ್ತದೆ. ಅದನ್ನೇ ನಂಬಿ ಕೂರುವ ಹಾಗಿಲ್ಲ ಅನ್ನುವುದನ್ನು ಅವತ್ತು ಕಣ್ಣಾರೆ ಕಂಡೆ.

ನನಗೆ ಜಾಸ್ತಿ ಕೋಪ ಬಂದಿದ್ದು ಆಮೇಲೆ, ಕಾಂಟ್ರಾಕ್ಟ್‌ಗಳನ್ನು ತೆಗೆದು ನೋಡಿದಾಗ. ಗಾಡಿಯಲ್ಲಿ ಹಿಮ ಪ್ಲೋ ಮಾಡುವವರಿಗೆ ಡ್ರೈವ್‌ವೇ ಮಾತ್ರ. ಸಲಿಕೆ ಹಿಡಿಯುವ ಹುಡುಗರಿಗೆ ಮೆಟ್ಟಿಲು ಮತ್ತು ಹಾಟ್ ಟಬ್‌ಗೆ ಹೋಗುವ ದಾರಿ. ಕ್ಲೀನಿಂಗ್‌ನವರಿಗೆ ಮನೆಯ ಒಳಗೆ. ಬಾಯ್ಲರ್ ಸರ್ವಿಸ್‌ನವರು ಬರುವುದು ವರ್ಷಕ್ಕೊಮ್ಮೆ, ಅದೂ ಬೇಸಿಗೆಯ ಕೊನೆಗೆ. ಪಕ್ಕದ ಗೋಡೆ ಯಾರ ಪಟ್ಟಿಯಲ್ಲೂ ಇಲ್ಲ. ಲಿಸ್ಟಿಂಗ್ ಫೋಟೋದಲ್ಲೂ ಆ ಗೋಡೆ ಬರುವುದಿಲ್ಲ. ಗೆಸ್ಟ್‌ಗೆ ಕಾಣುವುದನ್ನು ಮಾತ್ರ ನಾವು ನೋಡಿಕೊಳ್ಳುತ್ತಿದ್ದೆವು.

ಅಲಾರಂ ಕೂಗುವ ಮೊದಲೇ ಅವರಿಗೆ ತಲೆನೋವು ಬಂದಿದ್ದು ಯಾಕೆ ಅಂತ ಓನರ್ ಕೇಳಿದರು. ಒಳ್ಳೆ ಪ್ರಶ್ನೆ. ಇಂಥ ಅಲಾರಂಗಳಿಗಿರುವ ಅಮೆರಿಕದ ಯುಎಲ್ 2034 ಮಾನದಂಡದ ಪ್ರಕಾರ, ಅನಿಲ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಇದ್ದರೆ ಅಲಾರಂ 1ರಿಂದ 4 ಗಂಟೆಯೊಳಗೆ ಕೂಗಬೇಕು. 150 ಇದ್ದರೆ 10ರಿಂದ 50 ನಿಮಿಷ, 400 ಇದ್ದರೆ 4ರಿಂದ 15 ನಿಮಿಷ. ಸುಮ್ನೆ ಸುಮ್ನೆ ಕೂಗಬಾರದು ಅಂತ ಹಾಗೆ ಮಾಡಿದ್ದಾರೆ. ಅಂದರೆ ಕಡಿಮೆ ಮಟ್ಟದಲ್ಲಿ ಗಂಟೆಗಟ್ಟಲೆ ಉಸಿರಾಡಿದವರ ಮೈ ಅಲಾರಂಗಿಂತ ಮೊದಲೇ ಹೇಳಿಬಿಡಬಹುದು. ಗೆಸ್ಟ್ ಮೆಸೇಜೇ ಮೊದಲ ಅಲಾರಂ ಆಗುವುದು ಹೀಗೆ.

ಇದು ಎಲ್ಲೋ ಒಂದು ಕಡೆ ಆಗುವ ವಿಚಾರ ಅಂತ ಬಿಡುವ ಹಾಗೂ ಇಲ್ಲ. 2008ರ ನವೆಂಬರ್‌ನಲ್ಲಿ ಕೊಲರಾಡೊದ ಆಸ್ಪೆನ್ ಹತ್ತಿರ, ರಜೆಗೆ ಬಂದಿದ್ದ ಒಂದು ಕುಟುಂಬದ ನಾಲ್ವರು, ಇಬ್ಬರು ಮಕ್ಕಳೂ ಸೇರಿ, ಇದೇ ಅನಿಲದಿಂದ ತೀರಿಕೊಂಡರು. ಮರುವರ್ಷವೇ ಆ ರಾಜ್ಯ ಕಾನೂನು ತಂದಿತು. ಮಾರುವ, ಬಾಡಿಗೆಗೆ ಕೊಡುವ ಮನೆಗಳಲ್ಲಿ ಇಂಧನ ಉರಿಸುವ ಹೀಟರ್ ಅಥವಾ ಅಂಟಿಕೊಂಡ ಗ್ಯಾರೇಜ್ ಇದ್ದರೆ, ಮಲಗುವ ಕೋಣೆಯ ಬಾಗಿಲಿನಿಂದ 15 ಅಡಿಯೊಳಗೆ ಅಲಾರಂ ಇರಲೇಬೇಕು.

ಈಗ ನಮ್ಮಲ್ಲಿ ತಲೆನೋವಿಗೆ ಸೇವ್ಡ್ ರಿಪ್ಲೈ ಇಲ್ಲ. ನಾನೇ ಅಳಿಸಿದೆ. ಅಂಥ ಮೆಸೇಜ್ ಬಂದರೆ ಫೋನ್ ಮಾಡಬೇಕು. ಎಷ್ಟು ಜನರಿಗೆ? ಯಾವಾಗಿಂದ? ಹೊರಗೆ ಹೋದರೆ ಕಡಿಮೆ ಆಗುತ್ತಾ? ಹೊರಗೆ ಹೋದಾಗ ಹಗುರಾಗಿ, ಒಳಗೆ ಬಂದ ಮೇಲೆ ಮತ್ತೆ ಶುರುವಾಗುತ್ತದೆ ಅಂದರೆ ಮುಂದೆ ಮಾತೇ ಬೇಡ, ಎಲ್ಲರೂ ಆಚೆ. ದೊಡ್ಡ ಹಿಮ ಬಿದ್ದ ಮೇಲೆ, ಬಿಸಿಲಿಗೆ ಛಾವಣಿ ಜಾರಿದ ಮೇಲೆ, ಸಲಿಕೆ ಹುಡುಗರು ವೆಂಟ್, ಅಂದರೆ ಆ ಹೊಗೆ ಪೈಪ್, ಹಿಮದಿಂದ ಬಿಡಿಸಿ ಫೋಟೋ ಕಳಿಸುತ್ತಾರೆ. ಹೂತರೂ ಜಾಗ ಗೊತ್ತಾಗಲಿ ಅಂತ ಪ್ರತಿ ವೆಂಟ್ ಪಕ್ಕ ಕಿತ್ತಳೆ ಬಣ್ಣದ ಕೋಲು ನೆಟ್ಟಿದ್ದೇವೆ. ಅಲಾರಂ ಹಿಂದಿನ ತಾರೀಖನ್ನು ಟರ್ನ್‌ಓವರ್ ಲಿಸ್ಟ್‌ಗೆ ಸೇರಿಸಿದ್ದೇವೆ, ಅವಕ್ಕೂ ಆಯಸ್ಸು ಇದೆ.

ಡ್ಯಾಶ್‌ಬೋರ್ಡ್ ಮಾತ್ರ ಬದಲಾಗಿಲ್ಲ. ಫೋನ್‌ನಲ್ಲಿ ಮಾತಾಡಿದ ಹೊತ್ತು ಅದಕ್ಕೆ ಲೆಕ್ಕವಿಲ್ಲ, ಉತ್ತರ ತಡವಾಯಿತು ಅಂತ ಕೆಂಪು ತೋರಿಸುತ್ತದೆ. ತಿಂಗಳ ಮೀಟಿಂಗ್‌ನಲ್ಲಿ ಆ ಕೆಂಪಿನ ಬಗ್ಗೆ ಕೇಳುತ್ತಾರೆ, ನಾನು ಇದೇ ಕಥೆ ಹೇಳುತ್ತೇನೆ. ಆ ಮನೆಯ ವೆಂಟನ್ನು ಮೇಲಕ್ಕೆ ಏರಿಸಲು, ಛಾವಣಿಗೆ ಹಿಮ ತಡೆಯುವ ಕಂಬಿ ಹಾಕಲು ಓನರ್ ಇನ್ನೂ ಒಪ್ಪಿಲ್ಲ. ಮುಂದಿನ ಸೀಸನ್‌ಗೆ ಆ ಮನೆಯ ಬುಕಿಂಗ್ ಕ್ಯಾಲೆಂಡರ್ ನಾನು ಬ್ಲಾಕ್ ಮಾಡಿದ್ದೇನೆ. ಕೆಲಸ ಮುಗಿದ ಫೋಟೋ ಬರುವ ತನಕ ತೆರೆಯುವುದಿಲ್ಲ.