ಭತ್ತದ ಗದ್ದೆಗೆ ಮದ್ದು ಕಡಿಮೆ ಮಾಡುವುದು: ರೈತರೇ ರೈತರಿಗೆ ಕಲಿಸುವ ಕ್ರಮ

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಭತ್ತಕ್ಕೆ ಮೊದಲ ಮದ್ದು (ಕೀಟನಾಶಕ) ಬೀಳುವುದು ಮೊದಲ ಯೂರಿಯಾ ಜತೆಗೆ. ನಟ್ಟಿಯಾಗಿ ಮೂರು ವಾರಕ್ಕೆ ಯೂರಿಯಾಕ್ಕೆ ಹರಳು ಮದ್ದು ಕಲಸಿ ಬರಿಗೈಯಲ್ಲೇ ಎರಚುತ್ತಾರೆ. ಹುಳು ಇದೆಯೋ ಇಲ್ಲವೋ ಯಾರೂ ನೋಡಿರುವುದಿಲ್ಲ. ಹೀಗೆ ಕಲಸುತ್ತಿದ್ದ ಫೊರೇಟ್ ಹರಳು 2020ರ ಕೊನೆಗೆ ದೇಶದಲ್ಲೇ ನಿಷೇಧವಾಯಿತು, ಕಲಸುವ ರೂಢಿ ಮಾತ್ರ ಉಳಿಯಿತು. ಈ ಒಂದು ಮದ್ದು ನಿಂತರೆ ಮುಂದಿನ ಎರಡು ಮೂರು ಸಿಂಪಡಣೆಯ ಅಗತ್ಯವೇ ಬಾರದಿರಬಹುದು. ಆದರೆ ಭಾಷಣ ಕೇಳಿ ಯಾರೂ ಇದನ್ನು ಬಿಟ್ಟಿಲ್ಲ. ಮದ್ದು ಹಾಕದ ಗದ್ದೆಯಲ್ಲಿ ವಾರವಾರ ಇಳಿದು, ತಮ್ಮ ಕೈಯಲ್ಲೇ ಹುಳು ಎಣಿಸಿದವರು ಬಿಟ್ಟಿದ್ದಾರೆ.

ರೈತರೇ ಎಣಿಸಿ ಕಲಿತು ಕಲಿಸುವ ಈ ಕ್ರಮ ಹುಟ್ಟಿದ್ದು ಇಂಡೊನೇಷ್ಯಾದಲ್ಲಿ. ಮದ್ದು ಹೊಡೆದಷ್ಟೂ ಕಾಂಡದ ರಸ ಹೀರುವ ಕಂದು ಜಿಗಿಹುಳು ಹೆಚ್ಚಿ ಗದ್ದೆಗಳು ಸುಟ್ಟಂತಾದಾಗ, ಅಲ್ಲಿನ ಸರ್ಕಾರ 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಬಗೆಯ ಕೀಟನಾಶಕಗಳನ್ನು ನಿಲ್ಲಿಸಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ ರೈತರ ಕ್ಷೇತ್ರ ಪಾಠಶಾಲೆ ಶುರುವಾಯಿತು. ಅಲ್ಲಿ ಕಲಿತ ರೈತರೇ ಮುಂದೆ ಬೇರೆ ಊರಿಗೆ ಹೋಗಿ ಕಲಿಸಿದರು. ನಮ್ಮಲ್ಲಿ ಮಾಡುವಾಗ ಗದ್ದೆಯ ರೀತಿಗೆ ತಕ್ಕಂತೆ ಕೆಲವನ್ನು ಬದಲಿಸಿಕೊಳ್ಳಬೇಕು.

ಒಂದು ಪಾಠಶಾಲೆಗೆ 20ರಿಂದ 25 ಜನ ಸಾಕು. ವಾರಕ್ಕೊಂದು ಬೆಳಿಗ್ಗೆ, ನಟ್ಟಿಯಿಂದ ಕೊಯ್ಲಿನವರೆಗೆ. ತಲಾ 10 ಗುಂಟೆಯ ಎರಡು ತಾಕು ಬೇಕು: ಒಂದರಲ್ಲಿ ಊರಿನ ರೂಢಿಯಂತೆ ಮದ್ದು, ಇನ್ನೊಂದರಲ್ಲಿ ಎಣಿಸಿ ನೋಡಿ ತೀರ್ಮಾನ. ತಳಿ, ಅಗೆಯ (ಸಸಿಯ) ವಯಸ್ಸು, ನಟ್ಟಿಯ ದಿನ, ಗೊಬ್ಬರ ಎರಡಕ್ಕೂ ಒಂದೇ ಇರಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ. ನಮ್ಮದು ಮೆಟ್ಟಿಲು ಗದ್ದೆ, ಮೇಲಿನ ಗದ್ದೆಯ ನೀರು ಅಂಚು ದಾಟಿ ಕೆಳಗಿನದಕ್ಕೆ ಇಳಿಯುತ್ತದೆ. ಮದ್ದು ಹೊಡೆಯುವ ತಾಕು ಮೇಲಿದ್ದರೆ ಅದರ ಹರಳು, ಯೂರಿಯಾ ಎಲ್ಲ ಕೆಳಗಿನ ತಾಕಿಗೆ ಬಂದು ಜೇಡ, ಏಡಿ ಸಾಯುತ್ತವೆ. ಹೋಲಿಕೆಗೆ ಅರ್ಥ ಇರುವುದಿಲ್ಲ. ಆದ್ದರಿಂದ ಎಣಿಸಿ ನೋಡುವ ತಾಕು ಮೇಲೇ ಇರಲಿ. ಆಗದಿದ್ದರೆ ಬೇರೆ ಕಾಲುವೆಯ ನೀರು ಬರುವ ಜಾಗ ಹುಡುಕಿ.

ಸಮಯದ ವಿಚಾರವೂ ಸಣ್ಣದಲ್ಲ. ನಟ್ಟಿ, ಕಳೆ ಮಾಡುವ ಹೆಂಗಸರ ಕಣ್ಣಿಗೆ ಹುಳು ಮೊದಲು ಬೀಳುತ್ತದೆ. ತಿಂಡಿ ಮಾಡುವ ಹೊತ್ತಿಗೆ ಸಭೆ ಇಟ್ಟರೆ ಅವರು ಬರುವುದಿಲ್ಲ. ಕೂಲಿಗೆ ಕ್ಯಾನ್ ಹೊತ್ತು ಹೊಡೆಯುವವರನ್ನೂ ಕರೆಯಿರಿ. ಯಾವ ಗದ್ದೆಗೆ ಎಷ್ಟು ಬಿತ್ತು ಅನ್ನುವುದು ಮಾಲೀಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಐದೈದು ಜನರ ಗುಂಪು ಮಾಡಿ, ಒಂದೊಂದು ಗುಂಪು ತಾಕಿನಲ್ಲಿ ಓರೆಯಾಗಿ ನಡೆದು 10 ಬುಡ ನೋಡಲಿ. ನೆರಳು ಬುಡದ ಮೇಲೆ ಬೀಳದಂತೆ ಬಗ್ಗಿ, ಮೊದಲು ಗರಿ, ಆಮೇಲೆ ಕಾಂಡ, ಕೊನೆಗೆ ನೀರಿನ ಮಟ್ಟ. ಜಿಗಿಹುಳು ನೀರಿನಿಂದ ಒಂದು ಗೇಣಿನೊಳಗೇ ಇರುತ್ತದೆ, ನಿಂತು ನೋಡಿದರೆ ಕಾಣುವುದಿಲ್ಲ. ಬುಡವನ್ನು ಅಂಗೈಯಿಂದ ಎರಡು ಸಲ ತಟ್ಟಿದರೆ ನೀರಿನ ಮೇಲೆ ಉದುರುತ್ತವೆ. ತೆಂಡೆ (ಬುಡದಿಂದ ಒಡೆದ ಕವಲು) ಎಷ್ಟು, ಸುಳಿ ಒಣಗಿದ್ದು ಎಷ್ಟು, ಹುಳು ಎಷ್ಟು, ಜೇಡ, ಗುಲಗಂಜಿ ಹುಳು, ಏರೋಪ್ಲೇನ್ ಚಿಟ್ಟೆ ಎಷ್ಟು ಅಂತ ಬರೆದುಕೊಂಡು ಅಂಚಿನ ಮೇಲೆ ಕೂತು ದೊಡ್ಡ ಹಾಳೆಯಲ್ಲಿ ಚಿತ್ರ ಬರೆಯಬೇಕು. ನಡುವೆ ಬುಡ, ಎಡಕ್ಕೆ ತಿನ್ನುವ ಹುಳು, ಬಲಕ್ಕೆ ಅವನ್ನು ತಿನ್ನುವವು. ಬರೀ ಕೆಟ್ಟ ಹುಳು ಎಣಿಸಿ ಬಲಗಡೆ ಖಾಲಿ ಬಿಡುವುದು ಮೊದಲ ಎರಡು ವಾರ ಎಲ್ಲ ಗುಂಪಿನಲ್ಲೂ ಆಗುತ್ತದೆ. ಹಾಳೆ ವಾಪಸ್ ಕೊಟ್ಟು ಮತ್ತೆ ಗದ್ದೆಗೆ ಇಳಿಸಿ.

"ಇದು ಯಾವ ಹುಳು?" ಅಂತ ಕಲಿಯಲು ಬಂದವರು ಕೇಳಿದರೆ ಹೆಸರು ಹೇಳಬೇಡಿ. ಎಲ್ಲಿ ಸಿಕ್ಕಿತು, ಏನು ಮಾಡುತ್ತಿತ್ತು, ಜತೆಗೆ ಇನ್ನೇನಿತ್ತು ಅಂತ ತಿರುಗಿ ಕೇಳಿ. ಹೆಸರು ಹೇಳಿದ ಕೂಡಲೇ ಮುಂದಿನ ಪ್ರಶ್ನೆ "ಅದಕ್ಕೆ ಯಾವ ಮದ್ದು?" ಅಂತಲೇ ಬರುತ್ತದೆ.

ಎಷ್ಟು ಮಾತಾಡಿದರೂ ಆಗದ ಕೆಲಸವನ್ನು ಎರಡು ಡಬ್ಬಿ ಮಾಡುತ್ತವೆ. ಐದು ಲೀಟರಿನ ಪಾರದರ್ಶಕ ಡಬ್ಬಿ ಎರಡು ತಗೊಂಡು, ತಳಕ್ಕೆ ಕೆಸರು ಹಾಕಿ, ಚೆನ್ನಾಗಿ ತೊಳೆದ ಒಂದೊಂದು ಭತ್ತದ ಬುಡ ನೆಡಿ. ತೊಳೆಯದಿದ್ದರೆ ಬೇರೆ ಹುಳು ಒಳಗೇ ಉಳಿದು ಲೆಕ್ಕ ತಪ್ಪುತ್ತದೆ. ಎರಡಕ್ಕೂ ಹತ್ತತ್ತು ಜಿಗಿಹುಳು ಬಿಡಿ. ಒಂದಕ್ಕೆ ಮಾತ್ರ ಒಂದು ಜೇಡ: ಗದ್ದೆ ನೀರಿನ ಮೇಲೆ ಓಡುವ, ಬಲೆ ಕಟ್ಟದ, ಬೆನ್ನ ಮೇಲೆ ಕವೆಯಂಥ ಗುರುತಿರುವ ಬೂದು ಜೇಡ. ಇದು ದಿನಕ್ಕೆ ಐದರಿಂದ ಹದಿನೈದು ಹುಳು ತಿನ್ನುತ್ತದೆ. ಬಾಯಿಗೆ ಹಳೇ ಪಂಚೆ ತುಂಡು ಕಟ್ಟಿ ನೆರಳಲ್ಲಿಡಿ. ಮರುದಿನ ಬಿಚ್ಚಿ ಎಣಿಸಿ. ಜೇಡದ ಡಬ್ಬಿಯಲ್ಲಿ ಹೀರಿ ಬಿಟ್ಟ ಬಿಳಿ ಸಿಪ್ಪೆಗಳು ನೀರಿನ ಮೇಲೆ ತೇಲುತ್ತಿರುತ್ತವೆ. ಬಿಸಿಲಲ್ಲಿಟ್ಟರೆ ಒಳಗೆ ಬೆವರು ಕಟ್ಟಿ ಜೇಡವೇ ಸಾಯುತ್ತದೆ. ಎರಡು ಜೇಡ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ.

ಕಾಂಡ ಕೊರಕದ ಮೊಟ್ಟೆಗೂ ಹೀಗೇ ಮಾಡಬಹುದು. ಗರಿಯ ತುದಿಯಲ್ಲಿ ಕಂದು ರೋಮ ಮೆತ್ತಿದ ಪುಟ್ಟ ದಿಂಬಿನ ಹಾಗೆ ಕಾಣುವುದೇ ಮೊಟ್ಟೆಯ ಗುಂಪು. ಗರಿ ಸಮೇತ ಕತ್ತರಿಸಿ ಸಣ್ಣ ಶೀಷೆಗೆ ಹಾಕಿ, ಹತ್ತಿಯಿಂದ ಬಾಯಿ ಮುಚ್ಚಿ ಒಂದು ವಾರ ಇಡಿ. ಕೆಲವದರಿಂದ ಮರಿಹುಳು, ಕೆಲವದರಿಂದ ಎಳ್ಳಿಗಿಂತ ಸಣ್ಣ ಕರಿ ಕಣಜ ಹೊರಬರುತ್ತವೆ. ಮೊಟ್ಟೆ ಕಂಡ ಕೂಡಲೇ ಮದ್ದು ಹೊಡೆದರೆ ಸಾಯುವುದು ಈ ಕಣಜವೇ. ನಟ್ಟಿಯ ದಿನ ಅಗೆಯ ತುದಿ ಚಿವುಟಿ ನೆಟ್ಟರೆ ಮೊಟ್ಟೆ ಅಷ್ಟು ಕಡಿಮೆ. ಚಿವುಟಿದ್ದನ್ನು ಗದ್ದೆಯಲ್ಲೇ ಎಸೆಯಬೇಡಿ. ಬಿದಿರಿನ ಅಂಡೆಯಲ್ಲಿ ತುಂಬಿ, ಬಾಯಿಯ ಸುತ್ತ ಗ್ರೀಸ್ ಸವರಿ ಅಂಚಿನಲ್ಲಿ ನಿಲ್ಲಿಸಿದರೆ ಕಣಜ ಹಾರಿ ಗದ್ದೆಗೆ ಹೋಗುತ್ತದೆ, ಹುಳು ಅಂಟಿ ಸಾಯುತ್ತದೆ.

ಇನ್ನು ಗರಿ ಕತ್ತರಿಸುವ ಪ್ರಯೋಗ. ನಟ್ಟಿಯಾಗಿ 20ನೇ ದಿನ ಒಂದು ಚದರ ಮೀಟರಿನ ಬುಡಗಳ ಪ್ರತಿ ಗರಿಯನ್ನೂ ಅರ್ಧಕ್ಕೆ ಕತ್ತರಿಸಿ. ಮತ್ತೊಂದು ಚದರ ಮೀಟರಿನಲ್ಲಿ ಹೊಡೆ (ಗರಿಯೊಳಗಿನ ತೆನೆ) ಬಿಚ್ಚುವಾಗ ಕೊನೆಯ ಗರಿಯನ್ನು ಕತ್ತರಿಸಿ. ಮೂರನೆಯದನ್ನು ಮುಟ್ಟಬೇಡಿ. ನಾಲ್ಕು ಮೂಲೆಗೂ ಗೂಟ ಬಡಿದು ಬಣ್ಣದ ಪಟ್ಟಿ ಕಟ್ಟಿ, ಇಲ್ಲದಿದ್ದರೆ ಕೊಯ್ಲಿನ ಹೊತ್ತಿಗೆ ಯಾವುದು ಎಲ್ಲಿತ್ತು ಅನ್ನುವುದೇ ಮರೆತಿರುತ್ತದೆ. ಎಳೆ ಪೈರು ಹೊಸ ತೆಂಡೆ, ಹೊಸ ಗರಿ ಹೊಡೆದು ನಷ್ಟ ತುಂಬಿಕೊಳ್ಳುತ್ತದೆ. ಹೊಡೆಯಲ್ಲಿ ಕೊನೆಯ ಗರಿ ಹೋದರೆ ಕಾಳು ಜೊಳ್ಳಾಗುತ್ತದೆ. ಎಲೆ ಸುರುಳಿ ಹುಳುವಿಗೆ ಮೊದಲ 30 ದಿನ ಮದ್ದು ಬೇಡ ಅನ್ನುವುದು ಈ ಕಾರಣಕ್ಕೆ.

ಎಣಿಸಿ ಆದ ಮೇಲೆ ತೀರ್ಮಾನ. ಜೇಡ ಇಲ್ಲದಿದ್ದರೆ ತೆಂಡೆಗೆ ಒಂದು ಜಿಗಿಹುಳು, ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆ ಎರಡು, ಅಲ್ಲಿಯವರೆಗೆ ತಡೆಯಬಹುದು. ಹತ್ತು ತೆಂಡೆಯ ಬುಡದಲ್ಲಿ ಹದಿನೈದು ಹುಳು, ಒಂದು ಜೇಡ ಕಂಡರೆ ನೀರು ಬಸಿದು ಮುಂದಿನ ವಾರ ನೋಡಿ. ಹೆದರಿ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಹೊಡೆದರೆ ಏನಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕು: ಜಿಗಿಹುಳುವಿನ ಮೊಟ್ಟೆ ಗರಿಯ ತೊಟ್ಟಿನೊಳಗೆ ಭದ್ರವಾಗಿರುತ್ತದೆ, ಜೇಡ ಮತ್ತು ಮೊಟ್ಟೆ ಹೀರುವ ಹಸಿರು ತಿಗಣೆ ಸಾಯುತ್ತವೆ, ಒಂದು ವಾರ ಹತ್ತು ದಿನದಲ್ಲಿ ಒಡೆದ ಮರಿಗಳಿಗೆ ಶತ್ರುವೇ ಇರುವುದಿಲ್ಲ. ಭದ್ರಾ ನಾಲೆಯ ಬಯಲು ಗದ್ದೆಗಳಲ್ಲಿ ಇದನ್ನು ಒತ್ತಿ ಹೇಳಿ. ತೀರ್ಥಹಳ್ಳಿ, ಹೊಸನಗರದ ಕಡೆ ಗರಿ ಸುತ್ತಿ ಕೊಳವೆ ಮಾಡಿ ಅದರೊಳಗಿರುವ ಕೊಳವೆ ಹುಳುವಿನ ಕಾಟ ಇದ್ದರೆ ಮೂರು ದಿನ ನೀರು ಬಸಿದರೆ ಸಾಕು. ಅದು ಕಿವಿರಿನಲ್ಲಿ ಉಸಿರಾಡುವ ಹುಳು, ಒಣಗಿದರೆ ಬದುಕದು. ಬಸಿಯುವ ಮುಂಚೆ ಪೈರಿನ ಮೇಲೆ ಹಗ್ಗ ಎಳೆದು ಕೊಳವೆ ಉದುರಿಸಿ, ನೀರು ಹೊರಹೋಗುವ ಬಾಯಲ್ಲಿ ಬುಟ್ಟಿ ಇಟ್ಟು ಹಿಡಿಯಿರಿ. ಕಣೆ (ತೆನೆ ಬಾರದೆ ಕೊಳವೆಯಾದ ತೆಂಡೆ) ಕಂಡ ಮೇಲೆ ಕಣೆ ಹುಳುವಿಗೆ ಮದ್ದು ಹೊಡೆಯುವುದು ದಂಡ. ಆ ತೆಂಡೆ ಆಗಲೇ ಹೋಗಿದೆ.

ಬೆಂಕಿ ರೋಗದ ವಿಷಯದಲ್ಲಿ ಮಾತ್ರ ಹಟ ಬೇಡ. ಅದು ಶಿಲೀಂಧ್ರ; ಅದನ್ನು ತಿನ್ನಲು ಜೇಡ ಬರುವುದಿಲ್ಲ. ಜಿಟಿಜಿಟಿ ಮಳೆ, ಮೋಡ, ರಾತ್ರಿಯ ಚಳಿ ಮತ್ತು ಇಬ್ಬನಿ ಒಟ್ಟಿಗೆ ಬಂದಾಗ ಕಣ್ಣಿನಾಕಾರದ ಚುಕ್ಕೆ ಕಂಡರೆ ಯೂರಿಯಾ ನಿಲ್ಲಿಸಿ, ಕೃಷಿ ವಿಶ್ವವಿದ್ಯಾಲಯ ಹೇಳುವ ಶಿಲೀಂಧ್ರನಾಶಕವನ್ನು ಹೇಳಿದ ಪ್ರಮಾಣದಲ್ಲೇ ಕೊಡಿ. ರೋಗ ತೆನೆಯ ಕುತ್ತಿಗೆಗೆ ಬಂದ ಮೇಲೆ ಕೊಟ್ಟು ಫಲವಿಲ್ಲ. ಕೆಂಪಕ್ಕಿಗೆ ಜ್ಯೋತಿ ತಳಿ ಬೆಳೆಯುವವರಿಗೆ ಇದರ ಕಾಟ ಗೊತ್ತೇ ಇದೆ. ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಸಹ್ಯಾದ್ರಿ ಮೇಘ ತಳಿ ಜ್ಯೋತಿಯನ್ನು ಅಕ್ಕಲು ತಳಿಯ ಜತೆ ಕೂಡಿಸಿ ತಂದದ್ದು, ಬೆಂಕಿ ರೋಗ ತಡೆಯುತ್ತದೆ. ಭೂಮಿ ಹುಣ್ಣಿಮೆಯ ದಿನ ಹೇಗೂ ಎಲ್ಲರೂ ಗದ್ದೆಗೆ ಹೋಗುತ್ತಾರೆ, ಪೈರು ಹೊಡೆಯಲ್ಲಿರುತ್ತದೆ. ಚರಗ (ಭೂಮಿಗೆ ಅರ್ಪಿಸುವ ಅಡುಗೆ) ಬೀರಿ ಬರುವಾಗಲೇ ಹತ್ತು ಬುಡದ ಚುಕ್ಕೆ ನೋಡಿಕೊಂಡು ಬರುವ ಪದ್ಧತಿ ಮಾಡಿಕೊಳ್ಳಿ.

ಹೆದರಿಸಿ ಕಲಿಸಬೇಡಿ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲು ಮೂಳೆಯ ಕಾಯಿಲೆ ಕಂಡಾಗ ಗದ್ದೆಯ ಏಡಿ, ಕೀಟನಾಶಕದ ಮೇಲೆ ಅನುಮಾನ ಬಿದ್ದಿತ್ತು. ಮುಂದಿನ ಅಧ್ಯಯನಗಳು ಅದು ವಂಶದಿಂದ ಬರುವ ಕಾಯಿಲೆ ಎಂದವು. ಮದ್ದಿನ ಕೆಡುಕು ಹೇಳಲು ಅದನ್ನು ಎಳೆದು ತಂದರೆ, ಒಬ್ಬರು ತಿಳಿದವರು ಎದ್ದು ಕೇಳಿದಾಗ ಪಾಠದ ಮೇಲಿನ ನಂಬಿಕೆಯೇ ಹೋಗುತ್ತದೆ. ಹಾಗೆಯೇ ಮದ್ದು ಬಿಟ್ಟರೆ ಇಳುವರಿ ಏರುತ್ತದೆ ಅಂತ ಮಾತು ಕೊಡಬೇಡಿ. ಸಾಮಾನ್ಯವಾಗಿ ಇಳುವರಿ ಅಷ್ಟೇ ಇರುತ್ತದೆ. ಮದ್ದಿನ ಹಣ, ಹೊಡೆಯುವ ಕೂಲಿ ಉಳಿಯುತ್ತದೆ. ಅಂಗಡಿಯಲ್ಲಿ ಉದ್ರಿ ಬರೆಸುವ ಮನೆಗೆ ಅದು ದೊಡ್ಡ ಮೊತ್ತ.

ಕೊಯ್ಲಾದ ಮೇಲೆ ಎರಡೂ ತಾಕಿನ ಭತ್ತವನ್ನು ಬೇರೆ ಬೇರೆ ಒಣಗಿಸಿ, ಒಂದೇ ದಿನ, ಒಂದೇ ತಕ್ಕಡಿಯಲ್ಲಿ, ಎಲ್ಲರ ಎದುರು ತೂಗಿ. ಹಸಿ ಭತ್ತ ತೂಗಿದರೆ ತೇವದ ಜಗಳ ಬರುತ್ತದೆ. ಖರ್ಚಿನ ಚೀಟಿಗಳನ್ನು ಓದಿ ಹೇಳಿ. ಆಮೇಲೆ ಮುಂದಿನ ಊರಿಗೆ ಹೋಗಲು ಇಬ್ಬರನ್ನು ಆರಿಸಿ: ಚೆನ್ನಾಗಿ ಮಾತಾಡುವವರಿಗಿಂತ ಒಂದು ವಾರವೂ ತಪ್ಪಿಸದೆ ಎಣಿಸಿದವರು ಬೇಕು, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಅವರ ಕೈಗೆ ಎರಡು ಡಬ್ಬಿ, ಒಂದು ಭೂತಗನ್ನಡಿ, ಈ ವರ್ಷ ಬರೆದ ಹಾಳೆಗಳ ಕಟ್ಟು ಕೊಟ್ಟು ಕಳಿಸಿ. ಜಿಗಿಹುಳು, ಜೇಡ ಮಾತ್ರ ಹೋದ ಊರಿನ ಗದ್ದೆಯಿಂದಲೇ ಹಿಡಿಯಬೇಕು, ಅದೂ ಆ ಊರಿನವರ ಕೈಯಲ್ಲೇ ಹಿಡಿಸಬೇಕು.