ಪಣಜಿಯ ಓಣಿ, ಕಾಕಾನ ಅಳತೆ

ನವೆಂಬರ್ ಮೊದಲ ವಾರ. ಹುಬ್ಬಳ್ಳಿಯಿಂದ ಬೆಳಗಿನ ಬಸ್ಸು ಹತ್ತಿದೆ. ಲೋಂಡಾ ದಾಟಿ ಅನಮೋಡ ಘಾಟ್ ಇಳಿಯುವಾಗ ಕಿಟಕಿಯಿಂದ ಬರುವ ಗಾಳಿಯೇ ಬೇರೆ ಆಯಿತು. ಮಳೆಗಾಲ ಮುಗಿದಿದ್ದರೂ ಕಾಡು ಇನ್ನೂ ಒದ್ದೆಯಾಗಿತ್ತು.

ನನ್ನ ಚೀಲದಲ್ಲಿ ಒಂದು ನಕ್ಷೆಯ ಸುರುಳಿ ಇತ್ತು. ಕುಮಟಾದ ಹಳೇ ಪೇಟೆಯಲ್ಲಿ ಒಂದು ಮನೆ ಕಟ್ಟಬೇಕು. ಎಡಕ್ಕೂ ಬಲಕ್ಕೂ ಹಳೆಯ ಹಂಚಿನ ಮನೆಗಳು. ನಡುವಿನ ಮನೆ ಬಿದ್ದುಹೋಗಿ ಜಾಗ ಖಾಲಿ ಇದೆ. ಒಂದು ಕಾಲಕ್ಕೆ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಬಂದು ಹಡಗು ಹತ್ತುತ್ತಿದ್ದ ಬಂದರು ಅದು. ಮನೆಯ ಯಜಮಾನರು ನನ್ನ ಹತ್ತಿರ ಕೇಳಿದ್ದು ಇಷ್ಟೇ: "ಹೊಸ ಮನೆ ಬೇಕು. ಆದ್ರೆ ನಮ್ಮ ಓಣಿಯಲ್ಲಿ ಪರಕೀಯರ ಹಾಗೆ ಕಾಣಬಾರದು."

ನಾನು ಬರೆದುಕೊಟ್ಟಿದ್ದ ನಕ್ಷೆಯಲ್ಲಿ ಕಮಾನಿನ ಕಿಟಕಿ ಇತ್ತು, ಹಳದಿ ಗೋಡೆ ಇತ್ತು, ಮಹಡಿಯ ಕಟಕಟೆಗೆ ಸಿಮೆಂಟಿನ ಬೊಂಬೆಗಂಬಗಳ ಸಾಲು ಇತ್ತು. ಹಳೇ ಮನೆಯಂತೆ ಕಾಣಲಿ ಎಂದು ಮಾಡಿದ್ದು. ನೋಡಿದಷ್ಟೂ ಏನೋ ಸರಿಯಿಲ್ಲ ಅನಿಸುತ್ತಿತ್ತು. ಅದನ್ನು ಫೋನಿನಲ್ಲಿ ಕಾಕಾನಿಗೆ ಹೇಳಿದೆ. "ಇಲ್ಲಿಗೆ ಬಾರವಾ. ಹಳೇ ಮನಿ ರಿಪೇರಿ ನಡದೈತಿ. ನೋಡಿಕೊಂಡು ಹೋಗೀಯಂತ" ಅಂದರು.

ಕಾಕಾ ಗವಂಡಿ, ಗಾರೆ ಕೆಲಸದವರು. ಬಾದಾಮಿ ತಾಲ್ಲೂಕಿನ ನಮ್ಮೂರಿನಿಂದ ಮೂವತ್ತು ವರ್ಷದ ಹಿಂದೆ ಗೋವಾಕ್ಕೆ ಹೋದವರು ಅಲ್ಲೇ ನಿಂತರು. ಮನೆ ಇರುವುದು ಝುವಾರಿನಗರದಲ್ಲಿ. ಅಲ್ಲಿ ಬಸ್ಸಿನಿಂದ ಇಳಿದರೆ ಸಾಕು, ನಮ್ಮ ಕಡೆಯ ಮಾತೇ ಕಿವಿಗೆ ಬೀಳುತ್ತದೆ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಜನ. ಗೋವಾದ ಗೋಡೆಗಳಲ್ಲಿ ಈ ಜಿಲ್ಲೆಗಳ ಬೆವರು ಎಷ್ಟು ಸೇರಿದೆ ಎಂಬುದು ಬೀಚಿಗೆ ಹೋಗಿ ಬರುವವರಿಗೆ ಗೊತ್ತೇ ಆಗುವುದಿಲ್ಲ. ರಾತ್ರಿ ಚಿಗವ್ವ ಜೋಳದ ರೊಟ್ಟಿ, ಎಣಗಾಯಿ ಬಡಿಸಿದರು. ಬೆಳಿಗ್ಗೆ ಸೈಕಲ್ಲಿನ ಹಾರ್ನ್ ಕೇಳಿ ಅವರೇ ಹೋಗಿ ಬಿಸಿ ಪಾವ್ ತಂದರು. ಪಾವ್ ಜೊತೆ ಶೇಂಗಾ ಚಟ್ನಿ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದು ಅಲ್ಲೇ ತಿಳಿಯಿತು.

ಝುವಾರಿ ಸೇತುವೆ ದಾಟಿ ಪಣಜಿಗೆ ಹೋದೆವು. ಕದಂಬ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಆ ಹೆಸರು ನೋಡಿ ಖುಷಿಯಾಯಿತು. ಗೋವಾ ಆಳಿದ ಕದಂಬರ ಹೆಸರಿನಲ್ಲಿ ಇವತ್ತಿಗೂ ಬಸ್ಸು ಓಡುತ್ತಿವೆ. ಅಲ್ಲಿಂದ ಔರೆಂ ಹಳ್ಳ ದಾಟಿದರೆ ಫೊಂಟೇನ್ಹಾಸ್.

ಈ ಕೇರಿ ಅಲ್ಟಿನ್ಹೊ ಗುಡ್ಡದ ಬುಡಕ್ಕೂ ಹಳ್ಳಕ್ಕೂ ನಡುವೆ ಸಿಕ್ಕ ಸಣ್ಣ ಪಟ್ಟಿಯಲ್ಲಿ ಬೆಳೆದದ್ದು. ಗುಡ್ಡದ ಬುಡದಲ್ಲಿ ಒಂದು ನೀರಿನ ಚಿಲುಮೆ ಇದೆ. ಕೇರಿಯ ಹೆಸರು ಬಂದದ್ದು ಅದರಿಂದಲೇ. ಹಿಂದೆ ಇಲ್ಲಿ ತೆಂಗಿನ ತೋಟ ಇತ್ತಂತೆ. 1759ರಲ್ಲಿ ಪೋರ್ಚುಗೀಸ್ ವೈಸರಾಯ್ ಆಗಿನ ರಾಜಧಾನಿ ಹಳೇ ಗೋವಾ ಬಿಟ್ಟು ಪಣಜಿಗೆ ಬಂದ. 1843ರಲ್ಲಿ ಪಣಜಿಯೇ ರಾಜಧಾನಿಯಾಯಿತು. ಜನ ಬಂದರು, ಜಾಗ ಮಾತ್ರ ಅಷ್ಟೇ ಇತ್ತು. ಅದಕ್ಕೇ ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ.

ನಾನು ಫೋನ್ ತೆಗೆದು ನೀಲಿ ಗೋಡೆಯ ಫೋಟೋ ಹೊಡೆಯಲು ಹೋದೆ. ಕಾಕಾ ತಡೆದರು. ಬಾಗಿಲ ಪಕ್ಕದಲ್ಲಿ ಫೋಟೋ ತೆಗೆಯಬೇಡಿ ಎಂಬ ಬೋರ್ಡ್ ಇತ್ತು. ಅಲ್ಲಿ ಜನ ಬಾಳುತ್ತಿದ್ದಾರೆ, ಬಟ್ಟೆ ಒಣಹಾಕುತ್ತಾರೆ, ಮಕ್ಕಳು ಹೋಂವರ್ಕ್ ಮಾಡುತ್ತಾರೆ. ಫೋನ್ ಚೀಲಕ್ಕೆ ಹಾಕಿದೆ.

"ಮೊದ್ಲ ಮನಿ ನೋಡಬ್ಯಾಡ. ಓಣಿ ನೋಡು" ಎಂದರು ಕಾಕಾ. ಒಂದು ಗೋಡೆಯಿಂದ ಎದುರಿನ ಗೋಡೆಗೆ ನಡೆದು ಹೆಜ್ಜೆ ಎಣಿಸಿದರು. ಐದು ಹೆಜ್ಜೆ, ಇನ್ನೊಂದು ಕಡೆ ಆರು. ಆಮೇಲೆ ತಲೆ ಎತ್ತಿ ಸೂರಿನ ಅಂಚು ತೋರಿಸಿದರು. ಸಾಲಿನ ಮನೆಗಳೆಲ್ಲ ಒಂದು ಮಹಡಿಯವು. ಸೂರುಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಾಗುತ್ತವೆ. ಎಲ್ಲೂ ಗೆರೆ ಎಳೆದಂತೆ ಇಲ್ಲ, ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ. ಆದರೆ ಯಾವ ಮನೆಯೂ ಪಕ್ಕದ ಮನೆಯ ಬಿಸಿಲು ಕಸಿಯುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಓಣಿಯ ಒಂದು ಬದಿಯಲ್ಲಿ ನೆರಳಿತ್ತು.

ಇನ್ನೊಂದು ಸಂಗತಿ ಅಲ್ಲೇ ನಿಂತು ನೋಡಿದಾಗ ಹೊಳೆಯಿತು. ಮನೆಗಳ ಮುಂಗೋಡೆ ರಸ್ತೆಯ ಅಂಚಿಗೇ ಇದೆ. ಎರಡು ಮೆಟ್ಟಿಲು ಹತ್ತಿದರೆ ಒಳಗೆ. ಈಗ ಹೆಚ್ಚಿನ ಊರುಗಳಲ್ಲಿ ಹೊಸ ಮನೆ ಕಟ್ಟುವಾಗ ಮುಂದೆ ಜಾಗ ಬಿಡಲೇಬೇಕು. ಹೊಸ ಬಡಾವಣೆಗೆ ಅದು ಸರಿ. ಹಳೇ ಓಣಿಯಲ್ಲಿ ಒಂದು ಮನೆ ಹಾಗೆ ಹಿಂದೆ ಸರಿದರೆ ಬಾಯಲ್ಲಿ ಹಲ್ಲು ಬಿದ್ದಂತೆ ಆಗುತ್ತದೆ. ಬಿಟ್ಟ ಜಾಗದಲ್ಲಿ ಕಾರು ನಿಲ್ಲುತ್ತದೆ, ಗೇಟು ಬರುತ್ತದೆ, ಓಣಿಯ ಕಡೆಗಿದ್ದ ಮನೆಯ ಮುಖ ಮುಚ್ಚಿಹೋಗುತ್ತದೆ. ಬಣ್ಣ ಎಷ್ಟೇ ಹಳದಿ ಬಳಿದರೂ ಆ ಹಲ್ಲು ವಾಪಸ್ ಬರುವುದಿಲ್ಲ. ಹಳೇ ಪೇಟೆಗಳಿಗೆ ಬೇರೆ ನಿಯಮವೇ ಬೇಕು ಎಂದು ನನಗೆ ಗಟ್ಟಿಯಾಗಿ ಅನಿಸಿದ್ದು ಅಲ್ಲೇ.

ಗೋವಾದ ಹಳ್ಳಿ ಮನೆಗಳಿಗೆ ಮುಂದೆ ಬಾಲ್ಕಾಂವ್ ಇರುತ್ತದೆ. ಮೆಟ್ಟಿಲ ಎರಡೂ ಬದಿಗೆ ಕೂರಲು ಕಟ್ಟೆ, ಮೇಲೆ ಹಂಚಿನ ಮಾಡು. ನಮ್ಮ ಜಗುಲಿಯ ಅಣ್ಣನೋ ತಮ್ಮನೋ ಅನ್ನಬಹುದು. ಪೇಟೆಯಲ್ಲಿ ಅಷ್ಟು ಜಾಗ ಇಲ್ಲ. ಅದಕ್ಕೇ ಇಲ್ಲಿ ಮಹಡಿಯಿಂದ ಸಣ್ಣ ಬಾಲ್ಕನಿಗಳು ಓಣಿಯ ಮೇಲೆ ಚಾಚಿವೆ. ಮೇಲೆ ಒಬ್ಬ ಅಜ್ಜಿ ನಿಂತಿದ್ದರು. ಕೆಳಗೆ ಮೀನಿನವಳು ಕೊಂಕಣಿಯಲ್ಲಿ ಏನೋ ಹೇಳಿದಳು, ಮೇಲಿಂದ ಉತ್ತರ ಬಂತು, ಬುಟ್ಟಿ ಕೆಳಗಿಳಿಯಿತು. ಮನೆಗೂ ಓಣಿಗೂ ಮಾತಿದೆ ಎನ್ನುವುದು ಇದಕ್ಕೇ ಅಲ್ವಾ?

ಕಾಕಾನ ಕೆಲಸ ನಡೆಯುತ್ತಿದ್ದದ್ದು ಪಕ್ಕದ ಕೇರಿಯ ಒಂದು ಹಳೇ ಮನೆಯಲ್ಲಿ. ಹಿಂದೆ ಯಾರೋ ಆ ಗೋಡೆಗೆ ಸಿಮೆಂಟ್ ಗಿಲಾಯಿ ಮಾಡಿಸಿದ್ದರು. ಕೊಪ್ಪಳದ ಹುಡುಗನೊಬ್ಬ ಉಳಿ ಹಿಡಿದು ಅದನ್ನು ಕೆತ್ತುತ್ತಿದ್ದ. ಹಲಗೆಯಂತೆ ದೊಡ್ಡ ಚೂರು ಕಳಚಿ ಬಿತ್ತು. ಅದರ ಹಿಂದೆ ಕೆಂಪು ಜಂಬಿಟ್ಟಿಗೆ. ಕಾಕಾ ಬೆರಳಿಂದ ತೀಡಿದರು. ಕಲ್ಲು ಒದ್ದೆ ರವೆಯಂತೆ ಉದುರಿತು.

ಜಂಬಿಟ್ಟಿಗೆ ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ. ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಆದರೆ ಮೈಯೆಲ್ಲ ತೂತು. ನೀರು ಕುಡಿಯುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಕುಡಿದ ನೀರು ಬಿಸಿಲು ಬಂದಾಗ ಹೊರಗೆ ಹೋಗಬೇಕು. ಸುಣ್ಣದ ಗಾರೆ ಅದನ್ನು ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ನೀರು, ಅದರ ಜೊತೆ ಉಪ್ಪು, ಒಳಗೇ ಕೂತು ಕಲ್ಲನ್ನು ತಿನ್ನುತ್ತದೆ.

"ನಾನೂ ಎಷ್ಟೋ ಹಳೇ ಗ್ವಾಡಿಗೆ ಸಿಮೆಂಟ್ ಬಡದೇನಿ" ಎಂದರು ಕಾಕಾ. "ಆಗ ತಿಳೀತಿರಲಿಲ್ಲ. ಗಟ್ಟಿ ಇದ್ದದ್ದ ಛಲೋ ಅಂತ ತಿಳಕೊಂಡಿದ್ವಿ. ಈಗ ಅದನ್ನ ನಾನ ಕೆತ್ತಾಕತ್ತೇನಿ." ಮೂಲೆಯಲ್ಲಿ ಒಂದು ಗುಂಡಿಯಲ್ಲಿ ಸುಣ್ಣ ನೆನೆಹಾಕಿದ್ದರು. ವಾರಗಟ್ಟಲೆ ನೆನೆದು ಬೆಣ್ಣೆಯಂತೆ ಆಗಿತ್ತು. ಅದಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಅರೆಯುತ್ತಾರಂತೆ. ನಾನು ಕೈಯಲ್ಲಿ ತೆಗೆದುಕೊಂಡು ನೋಡಿದೆ. ತಂಪಾಗಿತ್ತು. ಐದು ವರ್ಷ ಕಾಲೇಜಿನಲ್ಲಿ ಓದಿದರೂ ನೆನೆದ ಸುಣ್ಣ ಮುಟ್ಟಿದ್ದು ಅದೇ ಮೊದಲು.

ಆ ಮನೆಯ ಮಹಡಿಯಲ್ಲಿ ಒಂದು ಕಿಟಕಿಗೆ ಗಾಜಿನ ಬದಲು ಚಿಪ್ಪುಗಳಿದ್ದವು. ಸಮುದ್ರದ ಚಪ್ಪಟೆ ಚಿಪ್ಪನ್ನು ಚೌಕಾಕಾರವಾಗಿ ಕತ್ತರಿಸಿ ಮರದ ಪಟ್ಟಿಗಳ ನಡುವೆ ಜೋಡಿಸಿದ್ದು. ಬೆಳಕು ಒಳಗೆ ಬರುತ್ತದೆ, ಝಳ ಬರುವುದಿಲ್ಲ. ಕೋಣೆಯಲ್ಲಿ ಹಾಲಿನ ಬಣ್ಣದ ಬೆಳಕು. ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮೇಲೆ ನೋಡಿದರೆ ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚು, ಆ ಕಾಲಕ್ಕೆ ಹೊಚ್ಚ ಹೊಸ ವಸ್ತು. ಅದಕ್ಕೂ ಮೊದಲು ಇಲ್ಲೆಲ್ಲ ನಾಡಹಂಚು ಇತ್ತು. ಅಂದರೆ ಹಳೇ ಊರು ಹೊಸದನ್ನು ಬೇಡ ಅಂದಿರಲಿಲ್ಲ. ಇಳಿಜಾರು ಹಾಗೇ ಉಳಿಸಿಕೊಂಡು ಹಂಚು ಬದಲಿಸಿತು.

ಹೊರಗೆ ಬಂದಾಗ ಸ್ವಲ್ಪ ದೂರದಲ್ಲಿ ಒಂದು ಹೊಸ ಕಟ್ಟಡ ಕಂಡಿತು. ಕಮಾನು, ಹಳದಿ ಗೋಡೆ, ಬಿಳಿ ಅಂಚು, ಸಿಮೆಂಟಿನ ಬೊಂಬೆಗಂಬ. ನನ್ನ ನಕ್ಷೆಯೇ ಎದ್ದು ನಿಂತಂತೆ ಇತ್ತು. ನಾಲ್ಕು ಮಹಡಿ. ಓರೆ ಸ್ಲ್ಯಾಬ್ ಹಾಕಿ ಅದರ ಮೇಲೆ ಹಂಚು ಅಂಟಿಸಿದ್ದರು. ಸೂರು ಗೋಡೆಯಿಂದ ಒಂದು ಗೇಣೂ ಮುಂದೆ ಬಂದಿರಲಿಲ್ಲ. ಒಂದೇ ಮಳೆಗಾಲಕ್ಕೆ ಗೋಡೆ ಕಪ್ಪಗಾಗಿತ್ತು. ಕಮಾನಿನ ಮೂಲೆಯಲ್ಲಿ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಸೀಳಿತ್ತು. ಕಾಕಾ ಏನೂ ಹೇಳಲಿಲ್ಲ. ನಾನೂ ಸುರುಳಿ ಬಿಚ್ಚಿ ತೋರಿಸಲಿಲ್ಲ.

ಮರುದಿನ ಹಳೇ ಗೋವಾಕ್ಕೆ ಹೋದೆವು. ದಾರಿಯಲ್ಲಿ ಪಣಜಿಯಿಂದ ರಿಬಂದರ್‌ವರೆಗಿನ ರಸ್ತೆ 1630ರ ದಶಕದಲ್ಲಿ ಜೌಗಿನ ಮೇಲೆ ಕಲ್ಲಿನಲ್ಲಿ ಕಟ್ಟಿದ ಸೇತುವೆ. ಮೂರು ಕಿಲೋಮೀಟರಿಗೂ ಜಾಸ್ತಿ ಉದ್ದ. ಅದರ ಮೇಲೆ ಇವತ್ತಿಗೂ ಬಸ್ಸು ಓಡುತ್ತವೆ.

ಬೊಮ್ ಜೀಸಸ್ ಚರ್ಚಿನ ಮುಂದೆ ಪ್ರವಾಸಿಗರೆಲ್ಲ ಅದರ ಕೆಂಪು ಕಲ್ಲನ್ನು ಮೆಚ್ಚುತ್ತಿದ್ದರು. 1605ರಲ್ಲಿ ಮುಗಿದ ಈ ಚರ್ಚು ಹುಟ್ಟಿನಿಂದ ಕೆಂಪಗಿರಲಿಲ್ಲ. ಮೈತುಂಬ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ, ಹಳೆಯದಾಗಿ ಕಾಣಲಿ ಎಂದು, ಅದನ್ನು ಕಿತ್ತುಹಾಕಿದರು. ಅಂದಿನಿಂದ ಪ್ರತಿ ಮಳೆಗಾಲ ಆ ಕಲ್ಲು ನೆನೆಯುತ್ತಿದೆ, ಸವೆಯುತ್ತಿದೆ. ಮತ್ತೆ ಗಾರೆ ಬಳಿಯಬೇಕು ಎಂದು ಹೇಳುವವರಿದ್ದಾರೆ. ಕೆಂಪು ರೂಪಕ್ಕೆ ಒಗ್ಗಿದ ಜನರಿಗೆ ಅದು ಕಷ್ಟ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಇದು. ನಿನ್ನೆ ಕಾಕಾನ ಬೆರಳಿಗೆ ಉದುರಿದ ಕಲ್ಲು ನೆನಪಾಗಿ ನನಗೆ ಅಲ್ಲಿ ತುಂಬಾ ಸಂಕಟವಾಯಿತು.

ಸಂಜೆ ಪಣಜಿಗೆ ವಾಪಸ್ ಬಂದು ಮಾಂಡೋವಿ ದಂಡೆಯಲ್ಲಿ ನಡೆದೆವು. ಹಳೇ ಸೆಕ್ರೆಟೇರಿಯಟ್ ಮುಂದೆ ಕಾಕಾ ನಿಂತರು. "ಇದು ನಮ್ಮ ಬಿಜಾಪುರದವರದು." ಹೌದು, 1500ರ ಹೊತ್ತಿಗೆ ಯೂಸುಫ್ ಆದಿಲ್ ಶಾಹ ಕಟ್ಟಿಸಿದ ಅರಮನೆ. ಆಮೇಲೆ ವೈಸರಾಯರು ಇದ್ದರು, ಗೋವಾ ವಿಧಾನಸಭೆಯೂ ಇಲ್ಲೇ ನಡೆಯಿತು. ಬಂದವರೆಲ್ಲ ಕಿಟಕಿ, ಬಾಗಿಲು, ಮಾಡು ಬದಲಿಸಿದ್ದಾರೆ. ಆದರೂ ನದಿಯ ಕಡೆ ಮುಖ ಮಾಡಿ ತಗ್ಗಾಗಿ ಮಲಗಿದಂತೆ ಇದೆ.

ಇನ್ನೂ ಮುಂದೆ ಕಾಂಪಾಲ್‌ನಲ್ಲಿ ಕಲಾ ಅಕಾಡೆಮಿ. ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸ, 1970ರ ದಶಕದ್ದು. ಇಲ್ಲಿ ಹಂಚಿಲ್ಲ, ಚಿಪ್ಪಿನ ಕಿಟಕಿ ಇಲ್ಲ. ಕಾಂಕ್ರೀಟು, ಜಂಬಿಟ್ಟಿಗೆ. ಆದರೂ ಕಟ್ಟಡ ತಲೆ ಎತ್ತುವುದಿಲ್ಲ. ರಸ್ತೆಯಿಂದ ಒಳಗೆ ಬಂದರೆ ತಲೆಯ ಮೇಲೆ ತೊಲೆಗಳ ಚಪ್ಪರದ ನೆರಳು. ಹಾಗೇ ನಡೆದರೆ ಎದುರಿಗೆ ನದಿ. ಹುಡುಗರು ಮೆಟ್ಟಿಲ ಮೇಲೆ ಕೂತಿದ್ದರು. ಕಾಕಾ ಇಷ್ಟು ವರ್ಷ ಪಣಜಿಯಲ್ಲಿ ಕೆಲಸ ಮಾಡಿದರೂ ಒಳಗೆ ಬಂದಿದ್ದು ಇದೇ ಮೊದಲು. ಸುತ್ತ ನೋಡಿ ಅಂದರು: "ಇದು ಊರಿಗೆಲ್ಲಾ ಕೂಡಿ ಒಂದ ಬಾಲ್ಕಾಂವ್ ಅಲ್ಲೇನು?"

ಎಷ್ಟೋ ಲೇಖನಗಳಲ್ಲಿ ಈ ಕಟ್ಟಡದ ಬಗ್ಗೆ ಓದಿದ್ದೆ. ಇಷ್ಟು ಸರಿಯಾದ ಮಾತು ಎಲ್ಲೂ ಸಿಕ್ಕಿರಲಿಲ್ಲ. ಬಣ್ಣ, ಕಮಾನು ಏನೂ ತಾರದೆ, ಕೂರುವ ಜಾಗ, ನೆರಳು, ನದಿಗೆ ಹೋಗುವ ದಾರಿ ಇಷ್ಟನ್ನೇ ಆ ಊರಿಂದ ತಗೊಂಡಿದ್ದಾರೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಸುರುಳಿ ಬಿಚ್ಚಿದೆ. ಕಾಕಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಕಮಾನಿನ ಬಗ್ಗೆ ಏನೂ ಅನ್ನಲಿಲ್ಲ. ಎರಡೂ ಪಕ್ಕದ ಮನೆಗಳ ಗೆರೆಯ ಮೇಲೆ ಬೆರಳಿಟ್ಟು ಕೇಳಿದರು:

"ಈ ಮನಿ ಮಾಡಿನ ನೀರು ಎಲ್ಲಿ ಬೀಳ್ತೈತಿ? ಆ ಮನಿದು?"

ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಗಳನ್ನು ನಾನು ಬರೀ ಎರಡು ಚೌಕಗಳಾಗಿ ಬರೆದಿದ್ದೆ. ಅವುಗಳ ಸೂರಿನ ಎತ್ತರ ಅಳೆದಿರಲಿಲ್ಲ. ಜಗುಲಿಯ ಎತ್ತರವೂ ಇಲ್ಲ.

ಮರುದಿನ ವಾಪಸ್ ಬಸ್ಸಿನಲ್ಲಿ ಕೂತ ಕೂಡಲೇ ಕುಮಟಾಕ್ಕೆ ಫೋನ್ ಮಾಡಿದೆ. ನಕ್ಷೆ ಮೊದಲಿಂದ ಬರೆಯುತ್ತೇನೆ, ಅದಕ್ಕೆ ಮುಂಚೆ ಪಕ್ಕದ ಎರಡೂ ಮನೆಯವರ ಜೊತೆ ಮಾತಾಡಬೇಕು ಎಂದೆ. ಮಾಡಿನ ನೀರಿನ ಪ್ರಶ್ನೆಯನ್ನೂ ಕೇಳಿದೆ. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿದರು.

"ಹಳೇ ಮನೆ ಇದ್ದಾಗ ನಡುವೆ ಒಂದು ಕಲ್ಲಿನ ಗಟಾರ ಇತ್ತು. ಎರಡೂ ಮನೆ ನೀರು ಅದರಲ್ಲೇ ಹೋಗ್ತಿತ್ತು. ಮನೆ ಬಿದ್ದಾಗ ಮಣ್ಣು ತುಂಬಿರಬೇಕು. ನಾಳೆ ಬಗೆಸಿ ನೋಡ್ತೇನೆ. ನೀವು ಯಾವಾಗ ಬರ್ತೀರಿ?"

ಭಾನುವಾರ ಬರುತ್ತೇನೆ ಎಂದೆ.